ಟ್ರ್ಯಾಕ್ ದಿನಕ್ಕೆಂದು ಮನೆಯ ಕಾರಿಗೆ ನಾಲ್ಕು ಕೊಂಡಿಯ ಹಾರ್ನೆಸ್: ಹಿಂದಿನ ಸೀಟಿನ ಬೋಲ್ಟಿಗೇ ಕಟ್ಟಬಹುದೇ?

ಪೋಲೊ ಪಯಣಿಗ:
ಕಳೆದ ತಿಂಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ದಿನಕ್ಕೆಂದು (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಮೊದಲ ಬಾರಿ ನನ್ನ ಪೋಲೊ ತೆಗೆದುಕೊಂಡು ಹೋಗಿದ್ದೆ. ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ಸುತ್ತು, ತಿರುವಿನ ಹಿಂದೆ ತಿರುವು. ಕಾರು ಚೆನ್ನಾಗಿಯೇ ಓಡಿತು, ಸೋತವನು ನಾನು. ಎಣ್ಣೆ ಹಚ್ಚಿದ ಹಲಸಿನ ಬೀಜದಂತೆ ಸೀಟಿನ ಮೇಲೆ ಅತ್ತಿಂದಿತ್ತ ಜಾರುತ್ತಿದ್ದೆ. ಬಾಗಿಲಿಗೆ ಒತ್ತಿ ಹಿಡಿದು ಬಲ ಮಂಡಿ ನೀಲಿಗಟ್ಟಿತು. ಸ್ಟೀರಿಂಗ್ ತಿರುಗಿಸಿದ್ದಕ್ಕಿಂತ ಅದನ್ನು ಹಿಡಿದು ನೇತಾಡಿದ್ದೇ ಹೆಚ್ಚು.

ಈಗ ಆನ್‌ಲೈನಿನಲ್ಲಿ 4,800 ರೂಪಾಯಿಗೆ ಒಂದು ನಾಲ್ಕು ಕೊಂಡಿಯ ಹಾರ್ನೆಸ್ (ಭುಜಕ್ಕೆರಡು, ಸೊಂಟಕ್ಕೆರಡು ಪಟ್ಟಿಯ ರೇಸಿಂಗ್ ಬೆಲ್ಟ್) ತರಿಸಲು ಹೇಳಿದ್ದೇನೆ. ಕಂಪನಿಯ ಸೀಟನ್ನೇ ಉಳಿಸಿಕೊಳ್ಳುತ್ತೇನೆ. ಸೊಂಟದ ಪಟ್ಟಿಗಳನ್ನು ಈಗಿರುವ ಬೆಲ್ಟಿನ ಬೋಲ್ಟಿಗೂ ಭುಜದ ಪಟ್ಟಿಗಳನ್ನು ಹಿಂದಿನ ಸೀಟಿನ ಬುಡದಲ್ಲಿರುವ ಬೆಲ್ಟ್ ಬೋಲ್ಟುಗಳಿಗೂ ಕಟ್ಟುವ ಯೋಚನೆ. ಪರಿಚಯದ ಮೆಕ್ಯಾನಿಕ್ ಅರ್ಧ ದಿನದ ಕೆಲಸ ಎಂದಿದ್ದಾರೆ. ‘ಇದರಿಂದ ಅಪಾಯ ಕಡಿಮೆಯಾಗುವುದಾದರೆ ಮಾತ್ರ’ ಎಂಬುದು ಹೆಂಡತಿಯ ಷರತ್ತು. ಮುಂದಿನ ಸರದಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕಿನಲ್ಲಿ, ಇನ್ನೂ ಐದು ವಾರ ಇದೆ. ಏನನ್ನುತ್ತೀರಿ?

ಗ್ಯಾರೇಜಿನ ಮೂಲೆ:
ಹೆಂಡತಿಯ ಷರತ್ತಿನ ಪ್ರಕಾರವೇ ಉತ್ತರ: ಬೇಡ.

ನಾಲ್ಕನೇ ಗೇರ್:
ಹೆದರಿಸಬೇಡಿ ಅವರನ್ನು. ನನ್ನ ಸ್ವಿಫ್ಟಿನಲ್ಲಿ ಎರಡು ವರ್ಷದಿಂದ ಇದೇ ಜೋಡಣೆ ಇದೆ. ಇರುಂಗಾಟ್ಟುಕೋಟೆಯಲ್ಲಿ ಒಮ್ಮೆ ಗಿರಗಿರನೆ ತಿರುಗಿ ಮಣ್ಣಿಗೆ ಇಳಿದೆ, ಕುಳಿತಲ್ಲಿಂದ ಒಂದಂಗುಲ ಕದಲಲಿಲ್ಲ. ಕಂಪನಿಯ ಬೆಲ್ಟ್ ಆಗಿದ್ದರೆ ಪಕ್ಕದ ಸೀಟಿನಲ್ಲಿ ಇರುತ್ತಿದ್ದೆ.

ಚಿಕ್ಕಮಗಳೂರು ನೋಟ್ಸ್:
ನಾಲ್ಕನೇ ಗೇರ್ ಅವರೇ, ಮಣ್ಣಿನಲ್ಲಿ ತಿರುಗುವುದು ಬೇರೆ, ಗೋಡೆಗೆ ಮೂತಿ ಕೊಡುವುದು ಬೇರೆ. ನಿಮ್ಮ ಹಾರ್ನೆಸ್ ಇನ್ನೂ ಪರೀಕ್ಷೆಗೇ ಕುಳಿತಿಲ್ಲ, ಪಾಸಾಯಿತು ಎಂದು ಹೇಗೆ ಹೇಳುತ್ತೀರಿ?

ನಾನು ರ್‍ಯಾಲಿಯಲ್ಲಿ ನ್ಯಾವಿಗೇಟರ್ ಆಗಿ ಕುಳಿತು ಹನ್ನೊಂದು ವರ್ಷವಾಯಿತು. ನಾಲ್ಕು ಕೊಂಡಿಯ ಹಾರ್ನೆಸಿನಲ್ಲಿ ನಡುವಿನ ಕೊಂಡಿ ಸೊಂಟದ ಪಟ್ಟಿಯ ಮೇಲೆ ಇರುತ್ತದೆ, ಭುಜದ ಎರಡು ಪಟ್ಟಿಗಳೂ ಅದಕ್ಕೇ ಬಂದು ಸೇರುತ್ತವೆ. ಕಾರು ಎದುರಿಗೆ ಬಡಿದಾಗ ದೇಹ ಮುಂದಕ್ಕೆ ಹೋಗುತ್ತದೆ, ಭುಜದ ಪಟ್ಟಿ ಬಿಗಿಯುತ್ತದೆ, ಬಿಗಿಯುತ್ತಾ ನಡುವಿನ ಕೊಂಡಿಯನ್ನು ಮೇಲಕ್ಕೆಳೆಯುತ್ತದೆ. ಸೊಂಟದ ಮೂಳೆಯ ಮೇಲಿರಬೇಕಾದ ಪಟ್ಟಿ ಮೆತ್ತನೆಯ ಹೊಟ್ಟೆಯ ಮೇಲೇರುತ್ತದೆ. ನೀವು ಅದರ ಕೆಳಗಿಂದ ಮುಂದಕ್ಕೆ ಜಾರುತ್ತೀರಿ. ಇದಕ್ಕೆ ಸಬ್‌ಮರೀನಿಂಗ್ ಎನ್ನುತ್ತಾರೆ, ಮುಳುಗುವುದು ನೀರಿನಲ್ಲಲ್ಲ. ಕರುಳು, ಯಕೃತ್ತು, ಬೆನ್ನುಮೂಳೆ, ಯಾವುದಕ್ಕೆ ಏಟು ಬೀಳುತ್ತದೆ ಎಂಬುದು ಅವರವರ ಹಣೆಬರಹ.

ಐದನೆಯ ಮತ್ತು ಆರನೆಯ ಪಟ್ಟಿಗಳು ತೊಡೆಗಳ ನಡುವಿನಿಂದ ಬರುವುದು ಈ ಕೊಂಡಿಯನ್ನು ಕೆಳಗೆ ಹಿಡಿದಿಡಲು. ಅವಕ್ಕೆ ಸೀಟಿನ ತಳದಲ್ಲಿ ತೂತು ಬೇಕು. ಕಂಪನಿಯ ಸೀಟಿನಲ್ಲಿ ಆ ತೂತು ಇಲ್ಲ. ಸೀಟಿನ ಮುಂಭಾಗದ ಅಂಚಿನ ಮೇಲಿಂದ ಸುತ್ತಿ ತಂದು ಕಟ್ಟುವವರನ್ನು ಕಂಡಿದ್ದೇನೆ. ಅಂಥ ಪಟ್ಟಿ ಮುಂದಕ್ಕೆ ಎಳೆಯುತ್ತದೆಯೇ ಹೊರತು ಕೆಳಕ್ಕಲ್ಲ, ಕಟ್ಟಿದ ಸಮಾಧಾನ ಮಾತ್ರ ಉಳಿಯುತ್ತದೆ.

ಮ್ಯೂನಿಕ್ ಮಲ್ಲಿಗೆ:
ಒಂದು ತಿದ್ದುಪಡಿ. ನಾಲ್ಕು ಕೊಂಡಿಯದ್ದೆಲ್ಲ ಅಪಾಯ ಎನ್ನುವಂತಿಲ್ಲ. ಇಲ್ಲಿ ಜರ್ಮನಿಯ ಶ್ರೋತ್ ಸಂಸ್ಥೆ ಕಂಪನಿ ಸೀಟಿಗೆಂದೇ ಎಎಸ್ಎಂ ಎಂಬ ತಂತ್ರದ ಹಾರ್ನೆಸ್ ಮಾಡುತ್ತದೆ. ಎರಡು ಭುಜದ ಪಟ್ಟಿಗಳಲ್ಲಿ ಒಂದನ್ನು ಮಡಚಿ ಹೊಲಿದಿರುತ್ತಾರೆ. ಏಟು ಬಿದ್ದಾಗ ಆ ಹೊಲಿಗೆ ಹರಿದು ಒಂದು ಭುಜ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಮೈ ಓರೆಯಾಗುತ್ತದೆ, ಮಾಮೂಲಿ ಮೂರು ಬಿಂದುವಿನ ಬೆಲ್ಟಿನಲ್ಲಿ ಆಗುವಂತೆಯೇ. ಹಾಗಾಗಿ ಸೊಂಟದ ಪಟ್ಟಿ ಮೇಲಕ್ಕೇರುವುದಿಲ್ಲ. ಆದರೆ ಯಾವ ಕಾರಿಗೆ, ಯಾವ ಸೀಟಿಗೆ, ಯಾವ ಬಿಂದುವಿಗೆ ಎಂಬ ವಿವರ ಅದರ ಜೊತೆಗೇ ಬರುತ್ತದೆ. ನ್ಯೂರ್‌ಬುರ್ಗ್‌ರಿಂಗಿನ 20.8 ಕಿಲೋಮೀಟರಿನ ಹಳೆಯ ಸುತ್ತಿಗೆ ಸಾರ್ವಜನಿಕ ದಿನಗಳಲ್ಲಿ ಬರುವ ಮನೆ ಕಾರುಗಳಲ್ಲಿ ಇಂಥವನ್ನು ನೋಡಿದ್ದೇನೆ. 4,800 ರೂಪಾಯಿಯದರಲ್ಲಿ ಆ ಹೊಲಿಗೆ ಇರುತ್ತದೆ ಎಂದು ಮಾತ್ರ ನಂಬಬೇಡಿ.

ಗ್ಯಾರೇಜಿನ ಮೂಲೆ:
ನಕಲಿಯಲ್ಲಿಯೂ ಹರಿಯುವ ಹೊಲಿಗೆ ಇರುತ್ತದೆ. ಎಲ್ಲ ಕಡೆಯೂ ಇರುತ್ತದೆ.

ಲೆಕ್ಕದ ಮೇಷ್ಟ್ರು:
ಪಯಣಿಗರೇ, ಒಂದು ಅಳತೆ ಕೊಡಿ. ನೀವು ಕುಳಿತಾಗ ಭುಜದ ಎತ್ತರದಿಂದ ಹಿಂದಿನ ಬೋಲ್ಟ್ ಎಷ್ಟು ಕೆಳಗಿದೆ? ಅಡ್ಡಕ್ಕೆ ಎಷ್ಟು ಹಿಂದಿದೆ?

ಪೋಲೊ ಪಯಣಿಗ:
ಈಗಷ್ಟೇ ಟೇಪು ಹಿಡಿದು ಅಳೆದೆ. 52 ಸೆಂಟಿಮೀಟರ್ ಕೆಳಗೆ, 78 ಸೆಂಟಿಮೀಟರ್ ಹಿಂದೆ. ನೆರೆಯವರು ಏನೋ ಆಗಿದೆ ಎಂದು ಬಂದು ನೋಡಿ ಹೋದರು.

ಲೆಕ್ಕದ ಮೇಷ್ಟ್ರು:
ಸರಿ. ಅದು ಸುಮಾರು 34 ಡಿಗ್ರಿ ಇಳಿಜಾರು. ಪಟ್ಟಿ ಭುಜದ ಮೇಲಿಂದ ಹಿಂದಕ್ಕೆ ಹೋಗುವಾಗ ಎಷ್ಟು ಕೆಳಗಿಳಿಯುತ್ತದೋ ಅಷ್ಟು ಬಲ ಭುಜವನ್ನು ಕೆಳಕ್ಕೆ ಅದುಮುತ್ತದೆ, ಎಂದರೆ ಬೆನ್ನುಮೂಳೆಯನ್ನು ಕುಗ್ಗಿಸುತ್ತದೆ.

50 ಕಿಲೋಮೀಟರ್ ವೇಗದಿಂದ ಅರ್ಧ ಮೀಟರಿನೊಳಗೆ ನಿಂತಿರಿ ಎಂದುಕೊಳ್ಳಿ. ಸುಮಾರು 20 ಜಿ, ಎಂದರೆ ಗುರುತ್ವದ 20 ಪಟ್ಟು. 70 ಕಿಲೋ ಮನುಷ್ಯ ಆ ಕ್ಷಣಕ್ಕೆ 1,400 ಕಿಲೋ. ಅದರಲ್ಲಿ ಭುಜದ ಪಟ್ಟಿಗಳ ಪಾಲಿಗೆ 600 ಕಿಲೋ ಎಳೆತ ಬಂದಿತು ಎಂದಿಟ್ಟುಕೊಂಡರೆ, 10 ಡಿಗ್ರಿ ಇಳಿಜಾರಿನಲ್ಲಿ ಕೆಳಕ್ಕೆ ಬೀಳುವ ಭಾರ ಸುಮಾರು 100 ಕಿಲೋ, ನಿಮ್ಮ 34 ಡಿಗ್ರಿಯಲ್ಲಿ ಸುಮಾರು 335 ಕಿಲೋ. ಅಕ್ಕಿಯ 25 ಕಿಲೋ ಚೀಲಗಳು ಹದಿಮೂರು, ಎರಡು ಭುಜದ ಮೇಲೆ, ಕುಳಿತ ಭಂಗಿಯಲ್ಲಿ. ಎಫ್ಐಎ (ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ) ನಿಯಮದಲ್ಲಿ 45 ಡಿಗ್ರಿ ಕಟ್ಟಕಡೆಯ ಮಿತಿ, ಆದರೆ 10 ಡಿಗ್ರಿ ಮೀರದಿದ್ದರೆ ಒಳ್ಳೆಯದು ಎಂಬ ಶಿಫಾರಸೂ ಅದೇ ಸಾಲಿನಲ್ಲಿದೆ. ಎಲ್ಲರೂ ಮೊದಲರ್ಧ ಓದಿ ನಿಲ್ಲಿಸುತ್ತಾರೆ.

ಇನ್ನೊಂದು ಮಾತು. ನಿಮ್ಮ ಅಳತೆಯಲ್ಲಿ ಭುಜದ ಹಿಂದೆಯೇ ಸುಮಾರು 94 ಸೆಂಟಿಮೀಟರ್ ಪಟ್ಟಿ ಬಿಡುವಾಗಿ ಇರುತ್ತದೆ. ಉದ್ದವಿದ್ದಷ್ಟೂ ಹಿಗ್ಗು ಹೆಚ್ಚು.

ನಾಲ್ಕನೇ ಗೇರ್:
ಮೇಷ್ಟ್ರೇ, ಈ ಲೆಕ್ಕದ ಪ್ರಕಾರ ನಾನು ಯಾವತ್ತೋ ಎರಡಡಿ ಆಗಿರಬೇಕಿತ್ತು.

ಲೆಕ್ಕದ ಮೇಷ್ಟ್ರು:
ಗೋಡೆಗೆ ಬಡಿದ ಮೇಲೆ ಅಳೆಯೋಣ. ಆ ದಿನ ಬಾರದಿರಲಿ.

ಸಕಲೇಶಪುರ ಸ್ಟಾರ್ಟರ್:
ಬುಡದ ಬೋಲ್ಟ್ ಬೇಡವಾದರೆ ಮಕ್ಕಳ ಸೀಟು ಕಟ್ಟುವ ಐಸೋಫಿಕ್ಸ್ ಕೊಂಡಿಗಳಿವೆಯಲ್ಲ? ಅವು ಸ್ವಲ್ಪ ಮೇಲಿರುತ್ತವೆ, ಗಟ್ಟಿ ಉಕ್ಕಿನವು.

ಚಿಕ್ಕಮಗಳೂರು ನೋಟ್ಸ್:
ಅಯ್ಯೋ, ಬೇಡವೇ ಬೇಡ. ಐಸೋಫಿಕ್ಸ್ ಮಗುವೂ ಸೀಟೂ ಸೇರಿ 33 ಕಿಲೋ ತೂಕಕ್ಕೆ ಮಾಡಿದ್ದು. ನಿಮ್ಮ ಒಂದು ಕಾಲಿಗೂ ಸಾಲದು.

ಗ್ಯಾರೇಜಿನ ಮೂಲೆ:
ಬೋಲ್ಟಿನ ವಿಚಾರ ಬಂದದ್ದರಿಂದ ಹೊಟ್ಟೆಯುರಿ ಹೇಳಿಕೊಳ್ಳುತ್ತೇನೆ. ಬಹುತೇಕ ಕಾರುಗಳಲ್ಲಿ ಸೀಟ್ ಬೆಲ್ಟಿನ ಬೋಲ್ಟ್ ಮಿಲಿಮೀಟರ್ ಅಳತೆಯದಲ್ಲ, ಹದಿನಾರರಲ್ಲಿ ಏಳಂಶ ಇಂಚಿನದು, ಇಂಚಿಗೆ 20 ತಿರುಪಿನ ಮರೆ. ಎಂದರೆ 11.1 ಮಿಲಿಮೀಟರ್. ನನ್ನಲ್ಲಿಗೆ ಬಂದ ಒಂದು ಕಾರಿನಲ್ಲಿ ಯಾರೋ ಪುಣ್ಯಾತ್ಮರು 12 ಮಿಲಿಮೀಟರಿನ ಬೋಲ್ಟನ್ನು ಉದ್ದ ಪಾನಾ ಹಾಕಿ ನುಗ್ಗಿಸಿದ್ದರು. ಬಿಗಿಯಾಗಿಯೇ ಕೂತಿತ್ತು. ಬಿಚ್ಚಿದಾಗ ಒಳಗಿನ ಮರೆಯೆಲ್ಲ ಕೊಬ್ಬರಿ ತುರಿಯಂತೆ ಉದುರಿತು. ಬೋಲ್ಟಿನ ತಲೆಯಲ್ಲಿ ದರ್ಜೆಯ ಗುರುತೂ ಇರಲಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಮಾಲು.

ಬರಿಯ ತಗಡಿಗೆ ಹೊಸ ತೂತು ಕೊರೆದು ವಾಷರ್ ಹಾಕಿ ಬಿಗಿದರೆ ಬೋಲ್ಟು ವಾಷರ್ ಸಮೇತ ಕಿತ್ತುಬರುತ್ತದೆ. ಹೊಸ ಬಿಂದು ಮಾಡಲೇಬೇಕೆಂದರೆ ಹಿಂಬದಿಗೆ ಕನಿಷ್ಠ 3 ಮಿಲಿಮೀಟರ್ ದಪ್ಪ, 40 ಚದರ ಸೆಂಟಿಮೀಟರಿನ ಉಕ್ಕಿನ ಫಲಕ ಕೊಡಬೇಕು, ಬೋಲ್ಟಿನ ಮೇಲೆ ಎಳೆತ ಉದ್ದಕ್ಕೆ ಬೀಳದೆ ಅಡ್ಡಕ್ಕೆ ಬೀಳಬೇಕು. ಫಲಕದ ಈ ಅಳತೆ ನಾನು ಕಟ್ಟಿದ ಕಥೆಯಲ್ಲ, ಎಫ್ಐಎ ನಿಯಮ. ಪಟ್ಟಿಗಳನ್ನು ಸೀಟಿಗಾಗಲಿ ಸೀಟಿನ ಕಾಲಿಗಾಗಲಿ ಕಟ್ಟುವಂತಿಲ್ಲ ಎಂದೂ ಅಲ್ಲಿಯೇ ಇದೆ.

ಹೊಸಬ ಹುಬ್ಬಳ್ಳಿ:
ಹಾಗಾದರೆ ಬಿ ಪಿಲ್ಲರುಗಳ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬಗಳು) ನಡುವೆ ಅಡ್ಡಕ್ಕೆ ಬಿಗಿಯುವ ಹಾರ್ನೆಸ್ ಬಾರ್ ಹಾಕಿ, ಭುಜದ ಎತ್ತರಕ್ಕೇ ಸುತ್ತಿಕೊಂಡರೆ ಕೋನದ ಸಮಸ್ಯೆ ತೀರಿತಲ್ಲವೇ?

ಚಿಕ್ಕಮಗಳೂರು ನೋಟ್ಸ್:
ಕೋನದ ಸಮಸ್ಯೆ ತೀರುತ್ತದೆ, ತಲೆಯ ಸಮಸ್ಯೆ ಶುರುವಾಗುತ್ತದೆ. ಕಾರು ಮಗುಚಿತು, ಮಾಡು ಒಳಕ್ಕೆ ಕುಸಿಯಿತು ಎನ್ನಿ. ಕಂಪನಿಯ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು, ಕುಗ್ಗಲು ಅವಕಾಶವಿದೆ, ಸೀಟಿನ ಬೆನ್ನೂ ಒಂದಿಷ್ಟು ಬಗ್ಗುತ್ತದೆ. ಹಾರ್ನೆಸಿನಲ್ಲಿ ನೀವು ಗೂಟಕ್ಕೆ ಕಟ್ಟಿದ ಹಾಗೆ ನೆಟ್ಟಗೆ. ಮಾಡು ಇಳಿದರೆ ಅದನ್ನು ತಡೆಯುವುದು ನಿಮ್ಮ ಕುತ್ತಿಗೆ. ಅದಕ್ಕೇ ಹಾರ್ನೆಸ್ ಹಾಕುವವರು ರೋಲ್ ಬಾರ್ (ಮಾಡು ಕುಸಿಯದಂತೆ ತಡೆಯುವ ಉಕ್ಕಿನ ಕೊಳವೆ) ಹಾಕಬೇಕು ಎನ್ನುವುದು. ರ್‍ಯಾಲಿ ಕಾರಿನಲ್ಲಿ ಕೇಜ್ (ಅಂಥ ಕೊಳವೆಗಳ ಪಂಜರ) ಇಲ್ಲದೆ ಪರಿಶೀಲನೆಯ ಗೇಟೂ ದಾಟಲಾಗದು.

ನಾಲ್ಕನೇ ಗೇರ್:
ರೋಲ್ ಬಾರ್ ಹಾಕಿಸಿ, ಸೋಮವಾರ ಅದೇ ಕಾರಿನಲ್ಲಿ ಹೆಲ್ಮೆಟ್ ಇಲ್ಲದೆ ಕಚೇರಿಗೆ ಹೋಗಿ. ಹಿಂದಿನಿಂದ ಯಾರೋ ಗುದ್ದಿದರೆ ತಲೆ ಉಕ್ಕಿನ ಕೊಳವೆಗೆ ಬಡಿಯುತ್ತದೆ. ಇದನ್ನು ಯಾಕೆ ಯಾರೂ ಹೇಳುವುದಿಲ್ಲ?

ಚಿಕ್ಕಮಗಳೂರು ನೋಟ್ಸ್:
ಈ ಮಾತು ನೂರಕ್ಕೆ ನೂರು ಸರಿ, ಒಪ್ಪಿದೆ. ಸ್ಪಂಜು ಸುತ್ತಿದರೂ ಬರಿಗೂದಲ ತಲೆಗೆ ಕೊಳವೆ ಕೊಳವೆಯೇ. ಎರಡೂ ಕೆಲಸಕ್ಕೆ ಒಂದೇ ಕಾರು ಎನ್ನುವವರ ಪಾಡು ಇದು. ಅದಕ್ಕೇ ನಾನು ಹೇಳುವುದು, ಮನೆ ಕಾರನ್ನು ಮನೆ ಕಾರಾಗಿಯೇ ಬಿಡಿ. ಏರ್‌ಬ್ಯಾಗ್, ಎಳೆದು ಬಿಗಿಯುವ ಪ್ರಿಟೆನ್ಷನರ್, ಕುಸಿಯುವ ಮೂತಿ, ಎಲ್ಲವನ್ನೂ ಆ ಮೂರು ಬಿಂದುವಿನ ಬೆಲ್ಟಿಗೇ ಹೊಂದಿಸಿ ಕಂಪನಿಯವರು ಪರೀಕ್ಷೆ ಮಾಡಿರುತ್ತಾರೆ. ಅದರಲ್ಲಿ ಒಂದನ್ನು ಮಾತ್ರ ಕಿತ್ತು ಬೇರೆ ಹಾಕಿದರೆ ಉಳಿದವಕ್ಕೆ ಜೊತೆ ತಪ್ಪುತ್ತದೆ.

ಹೊಸಬ ಹುಬ್ಬಳ್ಳಿ:
ಆ ಮೂರು ಬಿಂದುವಿನ ಬೆಲ್ಟ್ ಅಮೆರಿಕದವರು 70ರ ದಶಕದಲ್ಲಿ ಕಂಡುಹಿಡಿದದ್ದು, ಅಷ್ಟು ಹಳೆಯದನ್ನು ಇನ್ನೂ ನಂಬಬೇಕೇ?

ಮ್ಯೂನಿಕ್ ಮಲ್ಲಿಗೆ:
ಇನ್ನೂ ಹಳೆಯದು. 1959, ವೋಲ್ವೊ, ನಿಲ್ಸ್ ಬೋಲಿನ್. ಸ್ವೀಡನ್ನಿನವರು. ಪೇಟೆಂಟನ್ನು ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟರು. ಹಳೆಯದಾದರೆ ಕೆಟ್ಟದ್ದೆಂದರೆ ಚಕ್ರವನ್ನೂ ಬಿಚ್ಚಿಡಿ.

ಕಪ್ಪು ಕೋಟು:
ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬೆಲ್ಟ್ ಇಲ್ಲದೆ ರಸ್ತೆಗಿಳಿದರೆ 194ಬಿ ಕಲಮಿನಡಿ 1,000 ರೂಪಾಯಿ ದಂಡ ಬೇರೆ. ಹಾಗಾಗಿ ಏನೇ ಮಾಡಿದರೂ ಕಂಪನಿಯ ಬೆಲ್ಟನ್ನು ಬಿಚ್ಚಬೇಡಿ.

ವಿಮಾ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಿ. ಸಂಘಟಿತ ರೇಸು, ವೇಗದ ಪರೀಕ್ಷೆ ಇಂಥವಕ್ಕೆ ರಕ್ಷಣೆ ಇಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಟ್ರ್ಯಾಕ್ ದಿನ ರೇಸಲ್ಲ ಎಂದು ನೀವು ವಾದಿಸಬಹುದು. ನನ್ನ ಶುಲ್ಕ ಗಂಟೆಯ ಲೆಕ್ಕ.

ಸಕಲೇಶಪುರ ಸ್ಟಾರ್ಟರ್:
ರಸ್ತೆಯಲ್ಲಿ ಹಾರ್ನೆಸ್ ಹಾಕಿಕೊಂಡು ಓಡಿಸಿದ್ದೇನೆ, ಕಾನೂನು ಬಿಡಿ, ಅದೊಂದು ಹಿಂಸೆ. ಅಡ್ಡರಸ್ತೆಯಲ್ಲಿ ಮುಂದಕ್ಕೆ ಬಗ್ಗಿ ಇಣುಕಲಾಗುವುದಿಲ್ಲ. ಬಿದ್ದ ಚಿಲ್ಲರೆ ಬಿದ್ದಲ್ಲಿಯೇ.

ಕಪ್ಪು ಕೋಟು:
ಚಿಲ್ಲರೆ ಯಾಕೆ ಬೇಕು, ಫಾಸ್ಟ್ಯಾಗ್ ಬಂದು ಎಷ್ಟು ವರ್ಷವಾಯಿತು?

ಸಕಲೇಶಪುರ ಸ್ಟಾರ್ಟರ್:
ಕಾಫಿಗೆ, ಸ್ವಾಮಿ. ಕಾಫಿಗೆ.

ಲೆಕ್ಕದ ಮೇಷ್ಟ್ರು:
ಕುತ್ತಿಗೆಯ ವಿಷಯ ಅರ್ಧಕ್ಕೆ ನಿಂತಿದೆ. ಹಾರ್ನೆಸ್ ಭುಜವನ್ನು ಪೂರ್ತಿ ತಡೆದು ನಿಲ್ಲಿಸುತ್ತದೆ, ತಲೆಯನ್ನು ತಡೆಯುವವರು ಯಾರು? ತಲೆ ಮತ್ತು ಹೆಲ್ಮೆಟ್ ಸೇರಿ 6 ಕಿಲೋ ಎಂದರೂ ಅದೇ 20 ಜಿ ಲೆಕ್ಕದಲ್ಲಿ 120 ಕಿಲೋ ಭಾರ ಕುತ್ತಿಗೆಯನ್ನು ಜಗ್ಗುತ್ತದೆ. 2001ರ ಫೆಬ್ರವರಿ 18ರಂದು ಅಮೆರಿಕದ ಡೇಟೋನಾ ಟ್ರ್ಯಾಕಿನಲ್ಲಿ ರೇಸರ್ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ತಲೆಬುರುಡೆಯ ತಳ ಬಿರಿದು. ನೋಡುವವರಿಗೆ ಅಷ್ಟೇನೂ ದೊಡ್ಡ ಅಪಘಾತವಲ್ಲ. ಆ ವರ್ಷವೇ ಅಲ್ಲಿನ ರೇಸು ಸಂಸ್ಥೆ ನ್ಯಾಸ್ಕಾರ್ ತಲೆ-ಕುತ್ತಿಗೆಯ ರಕ್ಷಕವನ್ನು ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ ಒನ್ ಹ್ಯಾನ್ಸ್ ಎಂಬ ಅಂಥ ರಕ್ಷಕವನ್ನು ಕಡ್ಡಾಯ ಮಾಡಿತು. ಬೇಸರದ ಸಂಗತಿಯೆಂದರೆ ರಾಬರ್ಟ್ ಹಬ್ಬರ್ಡ್ ಎಂಬ ಪ್ರಾಧ್ಯಾಪಕರು ತಮ್ಮ ಭಾವಮೈದುನ, ರೇಸರ್ ಜಿಮ್ ಡೌನಿಂಗ್ ಜೊತೆ ಸೇರಿ ಅದನ್ನು 80ರ ದಶಕದಲ್ಲಿಯೇ ತಯಾರಿಸಿದ್ದರು. ಕುತ್ತಿಗೆ ಉರಿಯುತ್ತದೆ, ತಿರುಗಿಸಲಾಗದು ಎಂದು ಚಾಲಕರೇ ಮೂಗು ಮುರಿದಿದ್ದರು.

ಹೊಸಬ ಹುಬ್ಬಳ್ಳಿ:
ಹಾಗಿದ್ದರೆ ಮಾಮೂಲಿ ಬೆಲ್ಟಿನ ಜೊತೆಗೆ ಹ್ಯಾನ್ಸ್ ಹಾಕಿಕೊಳ್ಳಬಹುದಲ್ಲ?

ಚಿಕ್ಕಮಗಳೂರು ನೋಟ್ಸ್:
ಆಗದು. ಹ್ಯಾನ್ಸನ್ನು ಹಿಡಿದಿಡುವುದೇ ಎರಡು ಭುಜಗಳ ಮೇಲಿನ ಪಟ್ಟಿ. ಒಂದೇ ಭುಜದ ಬೆಲ್ಟಿನಲ್ಲಿ ಅದು ಪಕ್ಕಕ್ಕೆ ಜಾರಿ ಹೋಗುತ್ತದೆ. ನೋಡಿ, ಹಾರ್ನೆಸ್ ತಂದರೆ ರೇಸಿನ ಬಕೆಟ್ ಸೀಟು ಬೇಕು, ಸೀಟು ತಂದರೆ ಹಳೆಯ ಸೀಟಿನಲ್ಲಿದ್ದ ಏರ್‌ಬ್ಯಾಗಿನ ಚಿಂತೆ, ಆಮೇಲೆ ರೋಲ್ ಬಾರ್, ಅದರ ಮೇಲೆ ಹ್ಯಾನ್ಸ್, ಹ್ಯಾನ್ಸಿಗೆ ಕೊಂಡಿಯುಳ್ಳ ಹೆಲ್ಮೆಟ್. ಒಂದು ಸುಳ್ಳಿಗೆ ಹತ್ತು ಸುಳ್ಳು ಹೇಳಿದ ಹಾಗೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡರೆ ಅವರಿಗೂ ಇಷ್ಟೂ ಬೇಕು.

ಬಿಚ್ಚುವುದನ್ನೂ ಕಲಿಯಬೇಕು. ನಮ್ಮ ತಂಡದಲ್ಲಿ ಕಣ್ಣು ಮುಚ್ಚಿ, ಕೈಗವಸು ಹಾಕಿ, ಕೊಂಡಿ ತಿರುಗಿಸಿ ಹೊರಬರುವ ಅಭ್ಯಾಸ ಮಾಡಿಸುತ್ತಾರೆ. 2020ರಲ್ಲಿ ಬಹ್ರೇನಿನಲ್ಲಿ ಫಾರ್ಮುಲಾ ಒನ್ ಚಾಲಕ ಗ್ರೋಜಾನ್ ಬೆಂಕಿಯಿಂದ ಹೊರಬಂದದ್ದು ಸುಮಾರು 28 ಸೆಕೆಂಡಿನಲ್ಲಿ. ನಮ್ಮ ಮಾವ ಮಾಮೂಲಿ ಬೆಲ್ಟ್ ಬಿಚ್ಚಲು ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೆ.

ಪೋಲೊ ಪಯಣಿಗ:
ಪಾರ್ಸೆಲ್ ಬಂದಿದೆ. ಪಟ್ಟಿಯ ಮೇಲೆ ದೊಡ್ಡದಾಗಿ ‘ರೇಸಿಂಗ್’ ಎಂದು ಕಸೂತಿ ಇದೆ. ಯಾವ ಚೀಟಿ ನೋಡಬೇಕು?

ಗ್ಯಾರೇಜಿನ ಮೂಲೆ:
ಹೊಲಿದ ಎಫ್ಐಎ ಚೀಟಿ, ಅದರ ಮೇಲೆ 8853-2016 ಎಂಬ ಮಾನಕ ಸಂಖ್ಯೆ, ಯಾವ ವರ್ಷದ ಕೊನೆಯವರೆಗೆ ಸಲ್ಲುತ್ತದೆ ಎಂಬ ನಮೂದು. ಸಾಮಾನ್ಯವಾಗಿ ಐದು ವರ್ಷ. ಅಮೆರಿಕದ ಎಸ್ಎಫ್ಐ ಎಂಬ ಸಂಸ್ಥೆಯ ಚೀಟಿಯಾದರೆ ಎರಡೇ ವರ್ಷ. ಬಿಸಿಲಿಗೆ ನೂಲು ಸೊರಗುತ್ತದೆ, ಅದಕ್ಕೇ ಅವಧಿ. ಒಮ್ಮೆ ಏಟು ತಿಂದ ಪಟ್ಟಿಯನ್ನು ಮತ್ತೆ ಬಳಸುವಂತಿಲ್ಲ.

ಪೋಲೊ ಪಯಣಿಗ:
‘ತಣ್ಣೀರಿನಲ್ಲಿ ಒಗೆಯಿರಿ’ ಎಂಬ ಚೀಟಿ ಮಾತ್ರ ಇದೆ.

ಗ್ಯಾರೇಜಿನ ಮೂಲೆ:
ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಅಜ್ಜಿ ಸುಮ್ಮನೆ ಹೇಳಿದ್ದಲ್ಲ. ವಾಪಸು ಕಳಿಸಿ.

ಮ್ಯೂನಿಕ್ ಮಲ್ಲಿಗೆ:
ಜಾರುವುದಕ್ಕೆ ಕಾಸಿಲ್ಲದ ಉಪಾಯ ಒಂದಿದೆ. ಸೀಟನ್ನು ನಿಮ್ಮ ಜಾಗಕ್ಕಿಂತ ಎರಡು ಹಲ್ಲು ಹಿಂದಕ್ಕೆ ಸರಿಸಿ, ಬೆನ್ನು ನೆಟ್ಟಗಿರಲಿ. ಬೆಲ್ಟ್ ಹಾಕಿ, ಸೊಂಟದ ಭಾಗವನ್ನು ತೊಡೆಯ ಸಂದಿಗೆ ಇಳಿಸಿ ಬಿಗಿ ಮಾಡಿ. ಈಗ ಭುಜದ ಭಾಗವನ್ನು ಥಟ್ಟನೆ ಎಳೆಯಿರಿ, ಒಳಗಿನ ಸುರುಳಿ ಕಚ್ಚಿಕೊಳ್ಳುತ್ತದೆ. ಎಳೆತ ಬಿಡದೆ ಸೀಟನ್ನು ಮುಂದಕ್ಕೆ ತಳ್ಳಿ. ಸೀಟು ಖಟ್ ಎಂದು ಕೂತಿತೇ ಎಂದು ಅಲುಗಾಡಿಸಿ ನೋಡಿ, ಇದನ್ನು ಮರೆತರೆ ಮೊದಲ ಬ್ರೇಕಿಗೇ ಗೊತ್ತಾಗುತ್ತದೆ. ಹಾರ್ನೆಸಿನಷ್ಟಲ್ಲ, ಆದರೆ ಹಲಸಿನ ಬೀಜ ನಿಲ್ಲುತ್ತದೆ.

ಸಕಲೇಶಪುರ ಸ್ಟಾರ್ಟರ್:
ಉಳಿದ 4,800ರಲ್ಲಿ ಬ್ರೇಕ್ ಎಣ್ಣೆ ಬದಲಿಸಿ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇರುಂಗಾಟ್ಟುಕೋಟೆಯ ನೇರ ಓಟದ ಕೊನೆಯಲ್ಲಿ ಪೆಡಲ್ ನೆಲಕ್ಕಿಳಿದರೆ ಎಷ್ಟು ಕೊಂಡಿಯ ಹಾರ್ನೆಸ್ ಇದ್ದರೇನು?

ನಾಲ್ಕನೇ ಗೇರ್:
ಮೂರು ದಿನದಿಂದ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಇವರೆಲ್ಲರ ಕಾಟಕ್ಕೆ ಭಾನುವಾರ ಹಿಂದಿನ ಸೀಟು ಎತ್ತಿ ನೋಡಿದೆ. ಎಡಗಡೆಯ ಉಂಗುರ ತಲೆಯ ಬೋಲ್ಟ್ ಕೈಯಲ್ಲೇ ತಿರುಗಿತು. ಪಟ್ಟಿಯ ಬಾಲ ಮೂರು ಕಂಬಿಯ ಬಕಲಿನಲ್ಲಿ ಒಮ್ಮೆ ಮಾತ್ರ ಹಾದಿತ್ತು, ಮರಳಿ ಹಾಯಿಸಿರಲೇ ಇಲ್ಲ. ಎರಡು ವರ್ಷ ಅದನ್ನೇ ನೆಚ್ಚಿ ಓಡಿಸಿದ್ದೇನೆ. ಸದ್ಯಕ್ಕೆ ಬಿಚ್ಚಿಟ್ಟಿದ್ದೇನೆ. ಸೋತೆ ಎಂದು ಹೇಳುತ್ತಿಲ್ಲ, ಜರ್ಮನಿಯ ಆ ಹೊಲಿಗೆಯದ್ದು ಸ್ವಿಫ್ಟಿಗೆ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು:
ತಲೆಗೆ ಬಂದದ್ದು ತಲಪಾಗಿಗೆ ಹೋಯಿತು ಎನ್ನಿ.

ಪೋಲೊ ಪಯಣಿಗ:
ಇರುಂಗಾಟ್ಟುಕೋಟೆಯಿಂದ ನಿನ್ನೆ ರಾತ್ರಿ ಮರಳಿದೆ. ಹಾರ್ನೆಸ್ ವಾಪಸು ಹೋಯಿತು, ಕೊರಿಯರ್ ಖರ್ಚು 180 ರೂಪಾಯಿ ಕಳೆದು ಹಣ ಬಂತು. ಬ್ರೇಕ್ ಎಣ್ಣೆ, ಪ್ಯಾಡ್ ಹೊಸದು. ಸೀಟಿನ ಉಪಾಯ ಮೊದಲ ಸಲ ಕೆಡಿಸಿಕೊಂಡೆ, ಬೆಲ್ಟ್ ಸಡಿಲವಾಗಿ ಸುರುಳಿ ಬಿಟ್ಟುಕೊಂಡಿತು. ಎರಡನೆಯ ಸಲ ಕಚ್ಚಿತು, ಉಸಿರು ಬಿಡುವುದೇ ಕಷ್ಟ ಎನ್ನುವಷ್ಟು. ಉದ್ದ ತಿರುವುಗಳಲ್ಲಿ ಸೊಂಟ ನಿಂತಿತು, ಭುಜ ಇನ್ನೂ ವಾಲುತ್ತದೆ. ಮಂಡಿಗೆ ಯೋಗದ ಚಾಪೆಯ ತುಂಡೊಂದನ್ನು ಬಾಗಿಲಿಗೆ ಅಂಟಿಸಿದ್ದೆ, ನೀಲಿಯಾಗಲಿಲ್ಲ. ಚಾಪೆ ಯಾರದ್ದೆಂದು ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ.

ನಾಲ್ಕನೇ ಗೇರ್:
ದಾರಿಯಲ್ಲಿ ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲಿಸಿದಿರಾ ಇಲ್ಲವಾ?

ಪೋಲೊ ಪಯಣಿಗ:
ಮರಳಿ ಬರುವಾಗ. ಹೋಗುವಾಗ ತಿಂದಿದ್ದರೆ ಸೀಟು ಇನ್ನೊಂದು ಹಲ್ಲು ಹಿಂದಕ್ಕೆ ಹೋಗುತ್ತಿತ್ತು.